ಮೂಳೆಗೆ ದಾರಿ

"ಮಂಡಿ ಮೇಲಿಂದ ಕೈ ತೆಗೀರಿ ಗುರುಗಳೇ."

ಶಿವಮಲ್ಲಿ ಹೇಳಿದ್ದು ಮೆಲ್ಲಗೆ. ಆದರೆ ಲಕ್ಷ್ಮೀಪುರಂನ ಆ ಯೋಗಶಾಲೆಯಲ್ಲಿ ನರಹರಿ ಶಾಸ್ತ್ರಿಗಳಿಗೆ ಹೀಗೆ ಮಾಡಿ ಎಂದು ಹೇಳಿದವರೇ ಇರಲಿಲ್ಲ, ಮಾಡಬೇಡಿ ಎನ್ನುವುದಂತೂ ದೂರದ ಮಾತು. ಸಾಲಾಗಿ ಹಾಸಿದ ಚಾಪೆಗಳ ಮೇಲೆ ನಲವತ್ತು ಜನ ಇದ್ದರು. ಶೀರ್ಷಾಸನದಲ್ಲಿದ್ದ ಇಬ್ಬರು ಕಾಲು ಇಳಿಸಿ ಎದ್ದು ಕೂತು ನೋಡಿದರು.

ಶಾಸ್ತ್ರಿಗಳ ಎರಡೂ ಅಂಗೈ ದೊಡ್ಡತಾಯಮ್ಮನ ಬಲಮಂಡಿಯ ಮೇಲಿದ್ದವು. ಆ ಮಂಡಿ ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು, ಕೆಳಗಿಳಿಯುವ ಲಕ್ಷಣವೇ ಇರಲಿಲ್ಲ. ದೊಡ್ಡತಾಯಮ್ಮನಿಗೆ ಐವತ್ತಮೂರು ವರ್ಷ. ಅಶೋಕಪುರಂನವಳು, ಶಿವಮಲ್ಲಿಯ ಕೇರಿಯವಳೇ. ಇಪ್ಪತ್ತಾರು ವರ್ಷದಿಂದ ಊರಿನ ರಸ್ತೆ ಗುಡಿಸುತ್ತಿದ್ದಳು. ಇವತ್ತು ರಜೆ ಹಾಕಿ, ಸೊಸೆಯ ಚೂಡಿದಾರದ ಪ್ಯಾಂಟು ತೊಟ್ಟು, ಹಣೆಗೆ ಕುಂಕುಮ ಇಟ್ಟು ಬಂದಿದ್ದಳು. ಮುಖದ ಮೇಲೆ ಬೆವರು ಒಡೆದಿತ್ತು. ಆದರೂ ನೋವು ಎಂದು ಬಾಯಿ ಬಿಟ್ಟಿರಲಿಲ್ಲ.

"ಏನಂದೆ?" ಎಂದರು ಶಾಸ್ತ್ರಿಗಳು.

"ಕೈ ತೆಗೀರಿ ಅಂದೆ. ಅದು ಇನ್ನು ಇಳಿಯಲ್ಲ."

"ಇಳಿಯಲ್ಲ ಅಂತ ನೀನು ಯಾವಾಗ ತೀರ್ಮಾನ ಮಾಡ್ದೆ? ಹನ್ನೊಂದು ವರ್ಷ ಇಲ್ಲಿದ್ದು ಕಲಿತಿದ್ದು ಇದೇನಾ?"

ಹನ್ನೊಂದು ವರ್ಷ. ಗಾರ್ಮೆಂಟ್ ಫ್ಯಾಕ್ಟರಿಯ ಬೆನ್ನುನೋವು ಹೊತ್ತು ಇಪ್ಪತ್ತಮೂರನೇ ವಯಸ್ಸಿಗೆ ಶಿವಮಲ್ಲಿ ಈ ಬಾಗಿಲಿಗೆ ಬಂದಿದ್ದಳು. ಬೆನ್ನು ಒಂದೇ ವರ್ಷಕ್ಕೆ ವಾಸಿಯಾಯಿತು, ಯೋಗದ ಹುಚ್ಚು ಮಾತ್ರ ಬಿಡಲಿಲ್ಲ. ಈ ಶಾಲೆಯಲ್ಲಿ ಆಸನಗಳನ್ನು ಒಂದೊಂದಾಗಿ ಕೊಡುತ್ತಾರೆ. ಒಂದು ಕೂಡಿಬರದೆ ಮುಂದಿನದು ಇಲ್ಲ. ಹೊಸಬರು ಪರಿಚಯವಾದರೆ ಹೆಸರು ಕೇಳುವ ಮೊದಲೇ "ನೀವು ಎಲ್ಲಿ ನಿಂತಿದ್ದೀರಿ?" ಎಂದು ಕೇಳುತ್ತಾರೆ. ಶಿವಮಲ್ಲಿ ಐದನೇ ವರ್ಷಕ್ಕೇ ನಿಂತುಬಿಟ್ಟಳು. ಒಂದು ಕಾಲನ್ನು ಪದ್ಮಾಸನದಂತೆ ತೊಡೆಯ ಮೇಲೇರಿಸಿ, ಮೈ ತಿರುಚಿ, ಬೆನ್ನ ಹಿಂದೆ ಕೈ ಹಿಡಿಯುವ ಆಸನ ಅದು. ಕಾಲು ತೊಡೆ ಏರಲಿಲ್ಲ. ಒಂದು ಬೆಳಿಗ್ಗೆ ಶಾಸ್ತ್ರಿಗಳು ಮಂಡಿಯ ಮೇಲೆ ಭಾರ ಹಾಕಿ ಒತ್ತಿದರು. ಒಳಗೆ ಒಣಕಡ್ಡಿ ಮುರಿದ ಸದ್ದಾಯಿತು. ಮೂರು ತಿಂಗಳು ಕುಂಟಿದಳು. "ಸೋಮಾರಿತನ, ಹಿಂದಿನದ್ದು ಕರಗಬೇಕು" ಎಂದರು ಅವರು. ಹಿಂದಿನದ್ದು ಎಂದರೆ ಹಿಂದಿನ ಜನ್ಮವೋ ಹಿಂದಿನ ಕೇರಿಯೋ, ಬಿಡಿಸಿ ಹೇಳಲಿಲ್ಲ.

ಆ ಮೂರು ತಿಂಗಳಲ್ಲಿ ಅವಳ ಅಪ್ಪ ಮರಿಸಿದ್ದಯ್ಯ ಒಂದು ಕೆಲಸ ಮಾಡಿದ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ಯುವ ಕೋಣೆಯ ಅಟೆಂಡರ್ ಆಗಿದ್ದವನು ಅವನು. ಡಾಕ್ಟರಿಕೆ ಕಲಿಯುವ ಮಕ್ಕಳು ಕೊಯ್ದು ಓದಿ ಮುಗಿಸಿದ ಮೇಲೆ ಉಳಿದಿದ್ದನ್ನು ಬೇಯಿಸಿ, ಉಜ್ಜಿ, ಬಿಸಿಲಿಗೆ ಒಣಗಿಸಿ, ತಂತಿಯಲ್ಲಿ ಪೋಣಿಸಿ ಅಸ್ಥಿಪಂಜರ ಕಟ್ಟುವುದು ಅವನ ಪಾಲಿನ ಕೆಲಸ. ಬೇರೆ ಯಾರೂ ಮುಟ್ಟದ ಕೆಲಸವಾದ್ದರಿಂದ ಮೂವತ್ತೊಂದು ವರ್ಷ ಅವನದೇ ಆಗಿ ಉಳಿಯಿತು. ಅಪ್ಪ ಮಗಳನ್ನು ಬೋರಲು ಮಲಗಿಸಿ, ಮಂಡಿ ಮಡಿಸಿ, ಹಿಮ್ಮಡಿ ಹಿಡಿದು ಕಾಲನ್ನು ಒಳಕ್ಕೂ ಹೊರಕ್ಕೂ ತೂಗಿ ನೋಡಿದ. ಹೊರಕ್ಕೆ ಸರಾಗವಾಗಿ ಬಿತ್ತು. ಒಳಕ್ಕೆ ನಾಲ್ಕು ಬೆರಳು ಬಂದು ಟಕ್ಕನೆ ನಿಂತಿತು.

"ಇದು ಮೂಳೆ ಮಗಾ" ಎಂದ. "ಮೆತ್ತಗೆ ತಡುದ್ರೆ ಮಾಂಸ, ಟಕ್ ಅಂತ ತಡುದ್ರೆ ಮೂಳೆ. ಮಾಂಸಕ್ಕೆ ಕಾಯ್ಬೇಕು. ಮೂಳೆಗೆ ದಾರಿ ಬುಡ್ಬೇಕು. ನಿಂಗೆ ಸೊಂಟದ ಗುಂಡಿಲೇ ತಿರುಗ್ದೆ ಇದ್ದುದ್ನ ಮಂಡೀಲಿ ತಿರುಗ್ಸವ್ರೆ. ಬಾಗ್ಲು ತೆಗೀದೆ ಇದ್ರೆ ಕಿಟಕಿ ಒಡ್ದಂಗೆ."

ಅಂದಿನಿಂದ ಶಿವಮಲ್ಲಿ ಮೈಗಳನ್ನು ನೋಡುವ ರೀತಿಯೇ ಬದಲಾಯಿತು. ಸಂಜೆ ಕೇರಿಯ ಹೆಂಗಸರನ್ನು ಸೇರಿಸಿ ಕಲಿಸತೊಡಗಿದಳು. ಮೊದಲು ಮಲಗಿಸಿ ಕಾಲು ತೂಗಿ ನೋಡುವಳು, ಆಮೇಲೆ ಆಸನ. ಒಬ್ಬಳಿಗೆ ಗೋಡೆ, ಒಬ್ಬಳಿಗೆ ಕುರ್ಚಿ, ಒಬ್ಬಳಿಗೆ ಹಳೆ ಸೀರೆ ಸುತ್ತಿದ ಇಟ್ಟಿಗೆ. ಇಪ್ಪತ್ತೆರಡು ಹೆಂಗಸರಾದರು, ಜಾಗ ಸಾಲದಾಯಿತು. ಸಮುದಾಯ ಭವನ ಕೊಡಿ ಎಂದು ಕೇಳಿದರೆ, ಹೆಸರಿರುವ ಗುರುವಿನ ಅನುಮತಿ ಪತ್ರ ತನ್ನಿ ಎಂದರು ಭವನದವರು. ಶಾಸ್ತ್ರಿಗಳು ಪತ್ರ ಬರೆದು, ಲಕೋಟೆಗೆ ಹಾಕಿ, ತಮ್ಮ ಮೇಜಿನ ಮೇಲಿಟ್ಟರು. ಕೊಡುವ ಮುಂಚೆ ಶಾಲೆಯ ಪದ್ಧತಿಯೊಂದಿತ್ತು: ಕಲಿಸಿದವಳನ್ನಲ್ಲ, ಕಲಿತವಳನ್ನು ನೋಡಬೇಕು. ಒಬ್ಬಳನ್ನು ಕರೆದುಕೊಂಡು ಬಾ, ಪದ್ಮಾಸನದಲ್ಲಿ ಕೂರಿಸು ಎಂದಿದ್ದರು.

ಶಿವಮಲ್ಲಿ ದೊಡ್ಡತಾಯಮ್ಮನನ್ನು ಮೂರು ಇಟ್ಟಿಗೆಯ ಮೇಲೆ ಕೂರಿಸಿ, ಒಂದು ಕಾಲನ್ನು ಇನ್ನೊಂದರ ಮುಂದೆ ನೆಲಕ್ಕಿಟ್ಟು, ಬಲಮಂಡಿಯ ಕೆಳಗೆ ಮಡಚಿದ ಗೋಣಿಚೀಲ ಒತ್ತಾಗಿ ಇಟ್ಟಿದ್ದಳು. ಶಾಸ್ತ್ರಿಗಳು ಬಂದವರೇ ಅವಳನ್ನು ನೆಲಕ್ಕಿಳಿಸಿ, ಇಟ್ಟಿಗೆಗಳನ್ನು ಕಾಲಲ್ಲಿ ಸರಿಸಿ, ಚೀಲ ಎಳೆದು, ಪಾದವನ್ನು ತೊಡೆಯ ಮೇಲೇರಿಸಿ, ಮಂಡಿಗೆ ಕೈ ಹಾಕಿದ್ದರು.

ಈಗ ಆ ಕೈಗಳನ್ನು ತೆಗೆದು ನೆಟ್ಟಗೆ ನಿಂತರು. ಎಪ್ಪತ್ತೊಂದರ ವಯಸ್ಸಿನ ನೇರ ಬೆನ್ನು.

"ನನ್ನ ಗುರುಗಳು ನನ್ನ ಮಂಡಿ ಮೇಲೆ ನಿಂತೇ ಕೂರಿಸಿದ್ದು. ಅಳ್ತಾ ಕೂತೆ. ಈಗ್ಲೂ ಎರಡು ಗಂಟೆ ಕೂರ್ತೀನಿ. ಅದು ಸಾಧನೆ. ಇಟ್ಟಿಗೆ ಮೇಲೆ ಕೂರೋದು ಗಾರೆ ಕೆಲಸ."

ಯಾರೋ ನಕ್ಕರು. ದೊಡ್ಡತಾಯಮ್ಮ ತೊಡೆಯ ಮೇಲಿದ್ದ ಪಾದವನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟುಕೊಂಡು, "ಗಾರೆ ಕೆಲಸ್ದೋರು ಕಟ್ದೆ ಇದ್ರೆ ಈ ಗೋಡೆ ಎಲ್ಲಿರ್ತಿತ್ತು ಐನೋರೇ?" ಎಂದಳು. ಈ ಸಲ ನಕ್ಕವರು ಹೆಚ್ಚು.

ಶಿವಮಲ್ಲಿ ನಗಲಿಲ್ಲ. ಬಾಗಿಲ ಕಡೆ ತಿರುಗಿ, "ಅಪ್ಪಾ, ಒಳಗೆ ಬಾ" ಎಂದಳು.

ಮರಿಸಿದ್ದಯ್ಯ ಜಗಲಿಯ ಮೇಲೆ ಕೂತಿದ್ದ. ಬಿಳಿ ಅಂಗಿ, ಕಂಕುಳಲ್ಲಿ ನೀಲಿ ಬಟ್ಟೆಯ ಉದ್ದ ಗಂಟು. ಹೊಸ್ತಿಲ ಬಳಿ ಒಂದು ಗಳಿಗೆ ತಡೆದ. ಅವನ ಕಾಲಿಗೆ ಆ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಮಗಳು ಮತ್ತೆ ಕರೆಯಲಿಲ್ಲ, ಕಾದಳು. ಅವನು ದಾಟಿ ಬಂದ. ಚಾಪೆಯ ಮೇಲೆ ಗಂಟು ಬಿಚ್ಚಿದ.

ಎರಡು ತೊಡೆಮೂಳೆ. ಹಳದಿಗೆ ತಿರುಗಿದ ದಂತದ ಬಣ್ಣ. ಓದು ಮುಗಿಸಿ ಹೋದ ವಿದ್ಯಾರ್ಥಿಯೊಬ್ಬ ಅವನಿಗೇ ಬಿಟ್ಟುಹೋದವು.

"ಏನಿದು!" ಶಾಸ್ತ್ರಿಗಳು ಎರಡು ಹೆಜ್ಜೆ ಹಿಂದೆ ಸರಿದರು. "ಹೆಣದ ಮೂಳೆ! ದೀಪ ಹಚ್ಚಿರೋ ಜಾಗಕ್ಕೆ!"

"ಹೆಣದ್ದೇ ಸ್ವಾಮಿ" ಎಂದ ಮರಿಸಿದ್ದಯ್ಯ ಸಮಾಧಾನವಾಗಿ. "ಬದುಕಿರೋರ್ದು ಈಚೆ ತೆಗೆಯಕ್ಕಾಗಲ್ವಲ್ಲ."

"ಯಾರದ್ದೋ ಏನೋ…"

"ಯಾರ್ದಾದ್ರೂ ಇರ್ಬೋದು. ನಿಮ್ಮೋರ್ದೂ ಇರ್ಬೋದು. ತೊಳಿಯವಾಗ ಕೇಳಿದ್ರೆ ಹೇಳ್ತವಾ ಅವು?"

ಶಿವಮಲ್ಲಿ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿದಳು. ಎರಡೂ ಬಲಗಾಲಿನವು. ಮಂಡಿಯ ಕಡೆಯ ತುದಿ ಎರಡರದೂ ನೆಲಕ್ಕೆ ಸಮವಾಗಿ ಕೂತಿತು. ಸೊಂಟದ ಗುಂಡಿಗೆ ಸೇರುವ ತುದಿಯಲ್ಲಿ ನಿಂಬೆಹಣ್ಣಿಗಿಂತ ತುಸು ದಪ್ಪದ ಗುಂಡು. ಒಂದರ ಗುಂಡು ನೆಲಕ್ಕೆ ಬಾಗಿ ಮಲಗಿತ್ತು. ಇನ್ನೊಂದರ ಗುಂಡು ಮೂರು ಬೆರಳು ಮೇಲೆದ್ದು ತಲೆಯೆತ್ತಿ ನೋಡುವಂತಿತ್ತು. ಚಾಪೆಗಳಿಂದ ಜನ ಎದ್ದು ಬಂದು ಸುತ್ತ ನಿಂತರು. ದೂರದ ದೇಶದಿಂದ ಬಂದ ಹುಡುಗಿಯೊಬ್ಬಳು ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಎರಡರ ಎತ್ತರವನ್ನೂ ಕಣ್ಣಳತೆಯಲ್ಲಿ ನೋಡಿದಳು.

"ಬಾಗಿರೋದು ಪದ್ಮಾಸನಕ್ಕೆ ಸಲೀಸಾಗಿ ತಿರುಗುತ್ತೆ" ಎಂದಳು ಶಿವಮಲ್ಲಿ. "ತಲೆ ಎತ್ತಿರೋದು ಸ್ವಲ್ಪ ತಿರುಗಿ ಗುಂಡಿಯ ಅಂಚಿಗೆ ಬಡಿದು ನಿಲ್ಲುತ್ತೆ. ನೂರು ವರ್ಷ ಒತ್ತಿದ್ರೂ ಅಷ್ಟೇ. ಗುರುಗಳೇ, ಇವೆರಡರಲ್ಲಿ ಸೋಮಾರಿ ಯಾವುದು, ತೋರಿಸಿ."

ಶಾಸ್ತ್ರಿಗಳು ಹೆಗಲ ಉತ್ತರೀಯ ಸರಿಪಡಿಸಿಕೊಂಡರು.

"ನೀವು ಕೂತ್ರಿ, ಅಳ್ತಾ ಕೂತ್ರಿ, ಸುಳ್ಳಲ್ಲ. ಆದ್ರೆ ನಿಮ್ಮದು ಇದು." ಬಾಗಿದ ಮೂಳೆ ಮುಟ್ಟಿದಳು. "ತಪಸ್ಸು ಮಾಡಿ ಬಗ್ಗಿಸಿದ್ದಲ್ಲ, ಹುಟ್ಟುತ್ತಲೇ ಬಂದಿದ್ದು. ಹುಟ್ಟಿಂದ ಬಂದಿದ್ದನ್ನ ನೀವು ಸಾಧನೆ ಅಂದ್ರಿ. ನಮ್ಮ ಹುಟ್ಟಿಗೆ ಬರದೇ ಇದ್ದಿದ್ದನ್ನ ಕರ್ಮ ಅಂದ್ರಿ. ನಾನೂ ನಂಬಿದ್ದೆ. ಆರು ವರ್ಷದಿಂದ ಒಂದೇ ಕಡೆ ನಿಂತಿದ್ದೀನಿ."

"ಪಾಠ ಹೇಳಕ್ಕೆ ಬಂದೆಯಾ ನನಗೆ?"

"ಹೇಳಿದ್ದು ನನ್ನಪ್ಪ. ಮೂವತ್ತೊಂದು ವರ್ಷ ಇವನ್ನ ಕೈಯಲ್ಲಿ ಹಿಡಿದೋನು."

ಮರಿಸಿದ್ದಯ್ಯ ನೆಲ ನೋಡುತ್ತಿದ್ದವನು ತಲೆ ಎತ್ತಿದ. "ಎಷ್ಟೋ ಜನಾನ ತಂತೀಲಿ ಕಟ್ಟಿದೀನಿ ಸ್ವಾಮಿ. ಒಬ್ರುದ್ದು ಕಾಲು ಕಮ್ಮಿ ಬಿದ್ರೆ ಇನ್ನೊಬ್ರುದ್ದು ಹಾಕವ ಅಂತ ಹೋದ್ರೆ ಗುಂಡಿಗೆ ಕೂರ್ತಾನೇ ಇರ್ಲಿಲ್ಲ. ಒಂದು ದಿನಾನೂ ಕೂರ್ಲಿಲ್ಲ."

ಶಾಸ್ತ್ರಿಗಳು ಮೇಜಿನ ಬಳಿ ಹೋದರು. ಲಕೋಟೆ ಕೈಗೆತ್ತಿಕೊಂಡರು. ದನಿ ಈಗ ಗದರುವಂತಿರಲಿಲ್ಲ. ಅದೇ ಹೆಚ್ಚು ಕಷ್ಟದ್ದಾಗಿತ್ತು.

"ನೋಡು ಶಿವಮಲ್ಲಿ. ನಿನ್ನ ಹೆಸರು ಬರೆದಾಗಿದೆ. ಆ ಇಟ್ಟಿಗೆ ಬಿಟ್ಟು ಆಯಮ್ಮನ್ನ ಕೂರಿಸು, ಒಂದೇ ಒಂದು ನಿಮಿಷ, ಸಾಕು. ಪತ್ರ ತಗೊಂಡು ಹೋಗು. ನಿಮ್ಮ ಕೇರೀಲಿ ನೀನು ಏನಾದ್ರೂ ಹೇಳ್ಕೊಡು, ನಾನು ನೋಡಕ್ಕೆ ಬರಲ್ಲ. ಇಲ್ಲಿ ನನ್ನ ಮುಂದೆ ಪದ್ಧತಿ ಉಳೀಲಿ."

ಒಂದು ನಿಮಿಷ. ಇಪ್ಪತ್ತೆರಡು ಹೆಂಗಸರಿಗೆ ಭವನದ ಬಾಗಿಲು. ಶಿವಮಲ್ಲಿ ಲಕೋಟೆಯ ಕಡೆ ನೋಡಿದಳು.

ದೊಡ್ಡತಾಯಮ್ಮ ಅವಳ ಚೂಡಿದಾರದ ಅಂಚು ಎಳೆದಳು. "ಒತ್ಲಿ ಬುಡು ಮಲ್ಲಿ. ಒಂದು ಮಂಡಿ ತಾನೆ? ಹಲ್ಲು ಕಚ್ಕೊಂಡು ಕೂತ್ಕೊತೀನಿ. ಅಷ್ಟೂ ಜನಕ್ಕೆ ಜಾಗ ಆಯ್ತದೆ."

"ಆ ಮಂಡಿ ಮುರುದ್ರೆ ನಾಳೆ ರಸ್ತೆ ಗುಡಿಸೋರು ಯಾರು?"

"ಇನ್ಯಾರೋ ಬತ್ತಾರೆ, ನಮ್ಮಂತೋರ್ಗೇನು ಬರ ಐತಾ?"

ಶಿವಮಲ್ಲಿಗೆ ಅಳು ಒತ್ತಿ ಬಂತು, ಕೋಪವೂ ಬಂತು. ಎರಡೂ ಒಟ್ಟಿಗೆ ಬಂದಾಗ ಅವಳು ಯಾವಾಗಲೂ ಮಾಡುವಂತೆ ಕೈಗೆ ಕೆಲಸ ಕೊಟ್ಟಳು. ಮೂಲೆಗೆ ಸರಿದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತಂದು ಜೋಡಿಸಿದಳು. ಗೋಣಿಚೀಲ ಕೊಡವಿ ಮಡಚಿದಳು. "ಏಳು ತಾಯವ್ವ. ಇದರ ಮೇಲೆ ಕೂತ್ಕೊ" ಎಂದಳು. ಆಮೇಲೆ ಶಾಸ್ತ್ರಿಗಳ ಕಡೆ ತಿರುಗದೆಯೇ ಹೇಳಿದಳು: "ಪತ್ರ ನಿಮ್ಮ ಹತ್ರಾನೇ ಇರ್ಲಿ ಗುರುಗಳೇ. ಮಂಡಿ ಕೊಟ್ಟು ಕೊಳ್ಳೋ ಪತ್ರ ನಂಗೆ ಬೇಡ."

"ಭವನ ಸಿಗಲ್ಲ ನಿಂಗೆ."

ಉತ್ತರ ಕೊಟ್ಟಿದ್ದು ದೊಡ್ಡತಾಯಮ್ಮ. ಇಟ್ಟಿಗೆಯ ಮೇಲೆ ಕೂರುತ್ತಾ, ಪ್ಯಾಂಟಿನ ಧೂಳು ಕೊಡವುತ್ತಾ ಹೇಳಿದಳು: "ಭವನ ಇಲ್ದಿದ್ರೆ ಬೀದಿ ಐತೆ ಐನೋರೇ. ಅದ್ನ ಗುಡ್ಸಿರೋಳೂ ನಾನೇ. ನಿಮ್ ನೆಲಕ್ಕಿಂತ ಚೆಂದಾಗೈತೆ."

ಶಾಸ್ತ್ರಿಗಳು ಲಕೋಟೆಯನ್ನು ಮೇಜಿನ ಮೇಲಿಟ್ಟು, ಕಿಟಕಿಯ ಬಳಿ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತುಕೊಂಡರು. ಹೊರಗೆ ಹೂವಿನ ಗಾಡಿಯವನು ಕೂಗಿಕೊಂಡು ಹೋಗುತ್ತಿದ್ದ. ನಲವತ್ತು ಜನ ಏನು ಮಾಡಬೇಕೆಂದು ತೋಚದೆ ಚಾಪೆಗಳಿಗೆ ಮರಳಿದರು. ಈ ಶಾಲೆಯಲ್ಲಿ ಉಸಿರಿಗೆ ಲೆಕ್ಕ ಹೇಳುವುದು ಶಾಸ್ತ್ರಿಗಳೊಬ್ಬರೇ, ಅದೂ ಸಂಸ್ಕೃತದಲ್ಲಿ. ಅವರು ಎಣಿಸದೆ ಯಾರೂ ಏನೂ ಆರಂಭಿಸುವಂತಿಲ್ಲ. ಅವರು ಎಣಿಸಲಿಲ್ಲ.

ಶಿವಮಲ್ಲಿ ದೊಡ್ಡತಾಯಮ್ಮನ ಬಲಮಂಡಿಯ ಕೆಳಗೆ ಚೀಲ ಇಟ್ಟಳು. ಮಂಡಿ ಅದರ ಮೇಲೆ ಒರಗಿ ಹಗುರಾಯಿತು. ಕಸದ ಗಾಡಿ ತಳ್ಳಿ ತಳ್ಳಿ ಮುಂದಕ್ಕೆ ಬಾಗಿದ್ದ ಬೆನ್ನು ಒಂದೊಂದೇ ಮಣಿ ಜೋಡಿಸಿಕೊಂಡು ಮೇಲೆದ್ದಿತು. ಕತ್ತು ನೀಳವಾಯಿತು. ದೊಡ್ಡತಾಯಮ್ಮ ಎದುರಿನ ಗೋಡೆಯನ್ನು ನೋಡಿದಳು, ಗೋಡೆಯೇ ಕಣ್ಣು ತಗ್ಗಿಸಬೇಕು ಎನ್ನುವ ಹಾಗೆ. ಮರಿಸಿದ್ದಯ್ಯ ಮೂಳೆಗಳನ್ನು ಮತ್ತೆ ನೀಲಿ ಬಟ್ಟೆಯಲ್ಲಿ ಸುತ್ತುತ್ತಿದ್ದವನು ಅರ್ಧಕ್ಕೇ ಕೈ ನಿಲ್ಲಿಸಿದ.

"ಒಂದು" ಎಂದಳು ಶಿವಮಲ್ಲಿ, ಕೇರಿಯ ಹೆಂಗಸರಿಗೆ ಹೇಳುವ ದನಿಯಲ್ಲಿ. "ಉಸಿರು ತಗೊಳವ್ವ."

ದೊಡ್ಡತಾಯಮ್ಮ ತೆಗೆದುಕೊಂಡಳು. ಪಕ್ಕದ ಚಾಪೆಯಲ್ಲಿ ಯಾರೋ ತೆಗೆದುಕೊಂಡರು. ಆಮೇಲೆ ಆ ಸಾಲು, ಅದರ ಹಿಂದಿನ ಸಾಲು.

"ಎರಡು. ಬಿಡು. ಅವಸರ ಬೇಡ, ಮೈ ಎಷ್ಟು ಬಿಡುತ್ತೋ ಅಷ್ಟು ಬಿಡು."

ನಲವತ್ತು ಪಕ್ಕೆಲುಬಿನ ಗೂಡುಗಳು ನಿಧಾನ ಇಳಿದವು.

"ಮೂರು."

ಕಿಟಕಿಯ ಬಳಿ, ಬಿಳಿ ಉತ್ತರೀಯದ ಕೆಳಗೆ, ಮುದಿ ಹೆಗಲೆಲುಬುಗಳೆರಡು ಮೆಲ್ಲಗೆ ಮೇಲೆದ್ದವು.