ಮನೆ ನಮ್ಮದು, ನೆಲ ಎಸ್ಟೇಟಿನದು

ನಮ್ಮ ಕೇರಿಯಲ್ಲಿ ಮನೆ ನಮ್ಮದು, ನೆಲ ಕಬ್ಬಿನ ಎಸ್ಟೇಟಿನವರದು. ಕಲ್ಲುಗಳ ಮೇಲೆ ಕೂರಿಸಿದ ಹಲಗೆ ಮನೆಗಳು. ಎಬ್ಬಿಸಿದರೆ ಬಿಚ್ಚಿ ಲಾರಿಗೆ ಹೇರಿಕೊಂಡು ಹೊರಡಬೇಕು. ಎಸ್ಟೇಟಿನ ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಅವರ ಅಣ್ಣನ ಮಗ ಹ್ಯಾಡನ್ ಬಂದು, ಮೂಲೆಯ ಜಾಗ ಈಸ್ಟರ್ ಒಳಗೆ ಖಾಲಿಯಾಗಬೇಕು ಎಂದ. ಆ ಜಾಗದಲ್ಲಿದ್ದದ್ದು ಮೊನೆಟಾಳ ಮನೆ. ಮರುದಿನ ನೋಡಿದರೆ ಅವಳು ಅಡುಗೆಮನೆಯ ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕುತ್ತಿದ್ದಳು.

"ಏನೇ ಇದು?" ಎಂದೆ.

"ಮತ್ತೆ ಜೋಡಿಸೋವಾಗ ಗೊತ್ತಾಗ್ಬೇಕಲ್ಲ, ಅಕ್ಕ."

"ಎಲ್ಲಿ ಜೋಡಿಸ್ತೀಯ, ಸಮುದ್ರದಲ್ಲಾ?"

ಅವಳು ಮೆಟ್ಟಿಲ ಮೇಲೆ ಕುಸಿದು ಅತ್ತಳು. "ನಮ್ಮಮ್ಮ ಸತ್ತಾಗ ದೊಡ್ಡ ಯಜಮಾನ್ರೇ ಶವಪೆಟ್ಟಿಗೆ ಮಾಡಿಸ್ಕೊಟ್ರು. ಅವರ ಮನೆಯೋರ ಮೇಲೆ ದೂರು ಕೊಡೋಕೆ ನಂಗೆ ಬಾಯಿ ಬರಲ್ಲ."

"ದೂರು ಬೇಡ ಮಾರಾಯ್ತಿ. ಕೇಳ್ಕೊಂಡು ಬರೋಣ."

ಮನೆ-ನೆಲದ ವಿಷಯಕ್ಕೆ ನಮ್ಮ ದ್ವೀಪದ ರಾಜಧಾನಿ ಬ್ರಿಡ್ಜ್‌ಟೌನಿನಲ್ಲಿ ಒಂದು ಕಚೇರಿಯಿದೆ ಎಂದಷ್ಟೇ ನನಗೆ ಗೊತ್ತಿತ್ತು. ಇಬ್ಬರೂ ಅಲ್ಲಿಗೆ ಹೋದಾಗ ಕೆಳಗಿನವರು ಮೂರನೇ ಮಹಡಿಗೆ ಕಳಿಸಿದರು. ಅಲ್ಲಿ ಊಟದ ಹೊತ್ತು. ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿನ ಜೊತೆ ಮೀನಿನ ವಡೆ ತಿಂದೆವು. ಆಮೇಲೆ ಬಂದ ಕನ್ನಡಕದ ಹುಡುಗಿ ಮಾತ್ರ ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡಳು.

"ಇಷ್ಟು ವರ್ಷ ಅಲ್ಲಿದ್ದೋರನ್ನ ಹಾಗೆಲ್ಲ ಎಬ್ಬಿಸೋಕಾಗಲ್ಲಮ್ಮ. ಆ ನೆಲ ಕೊಂಡ್ಕೊಳ್ಳೋ ಹಕ್ಕೂ ನಿಮಗಿದೆ. ಆದ್ರೆ ಇದ್ರಿ ಅನ್ನೋಕೆ ಪುರಾವೆ?"

ದೊಡ್ಡ ಯಜಮಾನರು ನೆಲದ ಬಾಡಿಗೆಗೆ ರಶೀದಿ ಕೊಟ್ಟವರಲ್ಲ. ಕರೆಂಟ್ ಬಿಲ್ಲು ಇನ್ನೂ ಮೊನೆಟಾಳ ಅಮ್ಮನ ಹೆಸರಿನಲ್ಲೇ ಇತ್ತು.

"ಹಾಗಾದ್ರೆ ಗೊತ್ತಿರೋರು ಯಾರಾದ್ರೂ ಪ್ರಮಾಣ ಮಾಡಿ ಹೇಳ್ಲಿ. ಅದೇ ಕೇರಿಯೋರು ಬೇಡ."

ನನಗೆ ತಕ್ಷಣ ಹೊಳೆದದ್ದು ಅಂಡೀನ್, ನಮ್ಮ ಕಡೆಗೆ ಅಂಚೆ ಹಂಚುತ್ತಿದ್ದವಳು. ಆದರೆ ಚರ್ಚಿನಲ್ಲಿ ಒಬ್ಬರೇ ಹಾಡುವ ಹಾಡನ್ನು ಯಾರು ಹಾಡಬೇಕೆಂಬ ಜಗಳದಲ್ಲಿ ಅವಳಿಗೂ ಮೊನೆಟಾಳಿಗೂ ಎಂಟು ವರ್ಷದಿಂದ ಮಾತಿಲ್ಲ. ಮೊನೆಟಾ ಎರಡು ದಿನ ಒಲ್ಲೆನೆಂದಳು. ಮೂರನೆಯ ದಿನ ತಾನೇ ಹೊರಟಳು. ನಾನೂ ಜೊತೆಗೆ ಹೋದೆ.

ಅಂಡೀನ್ ಜಗಲಿಯಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹಾಡೋಕೆ ಬಂದ್ಯಾ?"

"ಇಲ್ಲ. ಬೇಡೋಕೆ ಬಂದೆ."

ವಿಷಯ ಕೇಳಿ ಅಂಡೀನ್ ಬುಟ್ಟಿ ಕೆಳಗಿಟ್ಟಳು. "ಇಪ್ಪತ್ತಾರು ವರ್ಷ ನಿನ್ನ ಬಾಗಿಲಿಗೆ ಸೈಕಲ್ ತುಳಿದಿದೀನಿ. ನಿನ್ನ ನಾಯಿ ಕಚ್ಚಿದ ಗುರುತು ಇನ್ನೂ ಕಾಲಲ್ಲಿದೆ. ಅದನ್ನೂ ತೋರಿಸ್ಲಾ?"

ಕಚೇರಿಯಲ್ಲಿ ನಿಜವಾಗಿಯೂ ತೋರಿಸಿದಳು. ಕನ್ನಡಕದ ಹುಡುಗಿ ನಗು ತಡೆದುಕೊಂಡು ಬರೆದುಕೊಂಡಳು.

ಎಬ್ಬಿಸುವಂತಿಲ್ಲ ಎಂಬ ಕಚೇರಿಯ ಪತ್ರ ತಲುಪಿದ ವಾರದಲ್ಲಿ ಹ್ಯಾಡನ್ ತಾನೇ ಬಂದು ಅಂಗಳದಲ್ಲಿ ನಿಂತ. "ಕಾನೂನು ನಂಗೆ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ, ಬಿಡಿ," ಎಂದು ಮೊನೆಟಾ ಕುರ್ಚಿ ಕೊಟ್ಟಳು.

ಕೊಂಡ ನೆಲದ ಪತ್ರ ಅವಳ ಕೈಸೇರಿದ್ದು ಮರುವರ್ಷದ ಆಗಸ್ಟಿನಲ್ಲಿ. ಅಷ್ಟರಲ್ಲಿ ಕೇರಿಯ ಇನ್ನೂ ನಾಲ್ಕು ಮನೆಯವರು ಆ ಮೂರನೇ ಮಹಡಿ ಹತ್ತಿ ಬಂದಿದ್ದರು. ನಾನೂ ಹತ್ತಿದ್ದೇನೆ. ನನ್ನ ಪತ್ರ ಇನ್ನೂ ಬಂದಿಲ್ಲ.