ಬಿಳಿ ಪಂಚೆಯ ಮದುಮಗ

ಮಣೆಯ ಮೇಲೆ ಹಾಸಿದ ಪಂಚೆಯ ಕರೆ ಸರಿಯಾಗಿ ಕೂತಿಲ್ಲ, ಒಂದು ಗೇಣು ಕೆಳಗೆ ಇಳಿದಿದೆ, ಹೊಸ ಬಟ್ಟೆಯ ಗಂಜಿ ವಾಸನೆ ಊದುಬತ್ತಿಯ ಹೊಗೆಯೊಳಗೂ ಮೂಗಿಗೆ ಹೊಡೆಯುತ್ತಿದೆ, ಯಾರಾದರೂ ಎಳೆದು ಸರಿಮಾಡಬಾರದೇ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಲೋಕಣ್ಣ, ಮದುಮಗನ ಕಡೆಯ ಹಿರಿಯರು ನೀವೇ, ಹಾರ ನೀವೇ ಇಡಬೇಕು ಎಂದು ವಾರಿಜಾ ಹೇಳಿಯಾಗಿದೆ — ಮದುಮಗ ಎಂದರೆ ಅವಳ ಅಣ್ಣ ವಿಷ್ಣುಮೂರ್ತಿ, ಸತ್ತು ಐವತ್ತು ವರ್ಷವಾಗುತ್ತಾ ಬಂತು, ಮದುಮಗಳು ಆಚೆ ಮಣೆಯ ಮೇಲಿನ ಹಸಿರು ಸೀರೆ, ಡೊಂಬಿವಲಿಯವರ ಮಗಳು ಜಯಲತಾ, ಏಳು ವರ್ಷದ ಹಿಂದೆ ಮುಂಬ್ರಾ ದಾಟಿದ ಮೇಲೆ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದವಳು, ತಲೆ ಕಂಬಕ್ಕೆ ಬಡಿದು ಅಲ್ಲಿಯೇ ಮುಗಿದವಳು. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಸತ್ತವರನ್ನೇ ಹುಡುಕಿ ಮದುವೆ ಮಾಡುವುದು ನಮ್ಮ ತುಳುವರ ಪದ್ಧತಿ, ಕೋಪರಿಯ ಮೂರನೇ ಮಾಳಿಗೆಯ, ವಾರಿಜಾಳ ಈ ಸಣ್ಣ ಫ್ಲ್ಯಾಟಿಗೆ ಬಂದರೂ ಬಿಟ್ಟಿಲ್ಲ, ಮದುಮಗನಿಗೆ ಇಪ್ಪತ್ತೊಂದು, ಮದುಮಗಳಿಗೆ ಇಪ್ಪತ್ತೆರಡು, ಹುಡುಗಿ ಒಂದು ವರ್ಷ ದೊಡ್ಡವಳಾದಳಲ್ಲ ಎಂದು ಯಾರೋ ತಕರಾರು ತೆಗೆದರಂತೆ, ಥೂ, ನಗಬೇಕೋ ಅಳಬೇಕೋ. ಮೊಮ್ಮಗ ಸೂರಜ್ ಕಿವಿಯ ಹತ್ತಿರ ಬಗ್ಗಿ, ಅಜ್ಜಾ, ಯೇ ಸಚ್ ಮೇ ಭೂತ್ ಕೀ ಶಾದೀ ಹೈ ಕ್ಯಾ ಎಂದ, ನಿಜವಾಗಿ ದೆವ್ವದ ಮದುವೆಯಾ ಅಂತೆ, ಬಾಯಿ ಮುಚ್ಚಿಕೊಂಡು ಕೂತುಕೋ ಎಂದೆ. ಅವನು ಮೊಬೈಲು ತೆಗೆದು ಕೂತ.

ಇಪ್ಪತ್ತೊಂದು, ನನಗೂ ಆಗ ಅಷ್ಟೇ, ಇಬ್ಬರೂ ನೌಕಾಪಡೆಯ ಹುಡುಗರು, ದೇಶಕ್ಕೋ ಗಣರಾಜ್ಯವಾಗಿ ಹನ್ನೊಂದು ತುಂಬಿತ್ತು, ನಮಗಿಂತ ಎಳೆಯದು, ನಮಗಿಂತ ಸಿಟ್ಟಿನದು, ಗೋವೆಯ ಕಡಲಿನ ಆ ದ್ವೀಪ, ಅದರ ಹೆಸರು ನಾನು ಬಾಯಿಗೆ ತರುವುದಿಲ್ಲ, ಅಲ್ಲಿಂದ ಪೋರ್ಚುಗೀಸರು ನಮ್ಮ ಮೀನಿನ ದೋಣಿಗಳಿಗೆ ಹೊಡೆದರು, ನಮ್ಮ ಕಡಲಿನಲ್ಲಿ ನಾವು ಬಲೆ ಹಾಕುವುದಕ್ಕೆ ಇವರ ಅಪ್ಪಣೆ ಬೇಕಾ ಎಂದು ವಿಷ್ಣು ಹಡಗಿನ ಡೆಕ್ಕಿನ ಮೇಲೆ ಕೂತು ಹಲ್ಲು ಕಡಿಯುತ್ತಿದ್ದ, ಅವನ ಅಪ್ಪ ಮಲ್ಪೆಯಲ್ಲಿ ದೋಣಿ ಬಿಡುವವನು, ಭೂಪಟದಲ್ಲಿ ಗೆರೆ ಕಡಲಿನವರೆಗೂ ಹೋಗಬೇಕು ಎಂದು ಸಾಹೇಬರು ಕೋಲಿಟ್ಟು ತೋರಿಸುತ್ತಿದ್ದರು, ಸರಿ, ಹೋಯಿತು, ಗೆರೆ ಹೋಯಿತು — ಬೆಳಿಗ್ಗೆ ದೋಣಿ ಇಳಿಸಿದೆವು, ಕೋಟೆಯ ಮೇಲೆ ಬಿಳಿ ಬಾವುಟ ಏರಿತು, ಶರಣಾದರು ಎಂದು ಯಾರೋ ನಕ್ಕರು, ನಕ್ಕವನ ದವಡೆಯೇ ಹಾರಿಹೋಯಿತು, ಮಷಿನ್‌ಗನ್ನು ದೋಣಿಯ ಹಲಗೆಯನ್ನು ಉದ್ದಕ್ಕೂ ಸೀಳುತ್ತಾ ಬಂತು, ನನ್ನ ಬಾಯೊಳಗೆ ಉಪ್ಪುನೀರೋ ಪಕ್ಕದವನ ರಕ್ತವೋ, ಉಗುಳಿದೆ, ಈಜಿದೆ, ಹೆಣಗಳನ್ನು ತಳ್ಳಿಕೊಂಡೇ ಈಜಿದೆ, ಬಂಡೆಯ ಹಿಂದೆ ಬಿದ್ದು ರೈಫಲು ಹಿಡಿದರೆ ಹೆದರಿಕೆಯೇ ಇಲ್ಲ, ಸಿಟ್ಟು, ಬರೀ ಸಿಟ್ಟು, ಬಿಳಿ ತೋರಿಸಿ ಕೊಂದರಲ್ಲ ಸೂಳೆಮಕ್ಕಳು, ಇನ್ನೊಮ್ಮೆ ತೋರಿಸಲಿ. ತೋರಿಸಿದರು. ಎಡಕ್ಕೆ, ಪೊದೆಯ ಹಿಂದೆ, ಬಿಳಿ ಬಟ್ಟೆಯೊಂದು ಮೇಲೆದ್ದಿತು, ಬೀಸಿದ ಹಾಗೆ, ನಾನು ಮೂರು ಗುಂಡು ಹೊಡೆದೆ, ಮೂರೂ ತಾಗಿದವು, ಖುಷಿಯಾಯಿತು, ದೇವರಾಣೆ ಖುಷಿಯಾಯಿತು.

ಹೋಗಿ ನೋಡಿದರೆ ವಿಷ್ಣು. ತೊಡೆ ಹರಿದವನೊಬ್ಬನ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ, ಅಂಗಿ ಬಿಚ್ಚಿ, ಬನಿಯನ್ನು ತಲೆಯ ಮೇಲಿಂದ ಎಳೆದು ತೆಗೆದಿದ್ದ, ಅದನ್ನೇ ನಾನು ಬಾವುಟವೆಂದದ್ದು, ಎದೆಯಲ್ಲಿ ಎರಡು, ಕುತ್ತಿಗೆಯಲ್ಲಿ ಒಂದು, ಆದರೂ ಕೈಗಳು ಆ ಬನಿಯನ್ನನ್ನು ಅವನ ತೊಡೆಗೆ ಸುತ್ತಿ ಗಂಟು ಹಾಕುತ್ತಿದ್ದವು, ತೊಡೆಯವನು ಆಗಲೇ ಸತ್ತಿದ್ದ, ಇವನಿಗೆ ಗೊತ್ತಿಲ್ಲ, ಬಿಗಿಯುತ್ತಿದ್ದಾನೆ, ನನ್ನನ್ನು ಕಂಡು, ಲೋಕ, ಯಾನ್ ಮಾರಾಯ ಎಂದ, ನಾನು ಮಾರಾಯ ಎಂದು, ಬೈಗುಳವಲ್ಲ, ಗುರುತು ಸಿಗಲಿಲ್ಲವಾ ಎಂದು ಕೇಳಿದ ಹಾಗೆ, ಅಷ್ಟೇ. ನೋಡಿದವರು ಯಾರೂ ಉಳಿಯಲಿಲ್ಲ. ಶತ್ರುವಿನ ಗುಂಡು, ಕ್ಷಣದಲ್ಲಿ ಹೋದ, ನೋವೇ ಆಗಲಿಲ್ಲ ಎಂದು ಮಲ್ಪೆಗೆ ಹೋಗಿ ಅವನ ಅಮ್ಮನಿಗೆ ಹೇಳಿದೆ, ಹನ್ನೆರಡು ವರ್ಷದ ವಾರಿಜಾ ಬಾಗಿಲ ಹಿಂದೆ ನಿಂತು ಕೇಳಿದಳು, ಆಮೇಲೆ ಅವಳ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಂತದ್ದು ನಾನು, ಅವಳ ಗಂಡ ಕೋಪರಿಯಲ್ಲಿ ಹೋಟೆಲು ಹಾಕಿದಾಗ ಇಲ್ಲಿಗೇ ಬಂದು ಮನೆ ಮಾಡಿದ್ದೂ ನಾನು, ನನ್ನ ಹೆಂಡತಿ ಸತ್ತಾಗ ವರ್ಷಗಟ್ಟಲೆ ಊಟದ ಡಬ್ಬಿ ಕಳಿಸಿದವಳು ಅವಳು, ಲೋಕಣ್ಣ ಇಲ್ಲದಿದ್ದರೆ ನನಗೆ ತವರೇ ಇಲ್ಲ ಎಂದು ಊರಿಗೆಲ್ಲ ಹೇಳುತ್ತಾಳೆ. ಆ ಮಾತು ಕೇಳಿಕೊಂಡೇ ನಾನು ಇಷ್ಟು ದಿನ ಉಂಡಿದ್ದೇನೆ.

ಈಗ ಅವಳು ಹಾರ ಹಿಡಿದು ಎದುರು ಬಂದು ಕೂತಿದ್ದಾಳೆ, ಗಾಜಿನ ಬಳೆಗಳ ಸದ್ದು, ಹೊರಗೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ನನ್ನ ಸೊಸೆ ಹರಿಣಾಕ್ಷಿ ಬಾಳೆಎಲೆ ಒರೆಸುತ್ತಿದ್ದಾಳೆ, ವಾರಿಜಾ ಮೆಲ್ಲಗೆ ಹೇಳುತ್ತಾಳೆ, ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಎಂತ ಬಂತು ಗೊತ್ತುಂಟಾ ಲೋಕಣ್ಣ, ಅವನು ಸತ್ತದ್ದನ್ನು ಕಣ್ಣಾರೆ ಕಂಡವರು ಹೇಗೆ ಸತ್ತ ಅಂತ ಹೇಳಿ ಕರೆಯಬೇಕಂತೆ, ಇಲ್ಲದಿದ್ದರೆ ಅವನು ಮಣೆಗೆ ಬರುವುದಿಲ್ಲವಂತೆ, ಕಂಡವರು ನೀವು ಒಬ್ಬರೇ ಅಲ್ಲವಾ — ಒಬ್ಬನೇ, ಹೌದಮ್ಮಾ, ಒಬ್ಬನೇ, ಅದೇ ಹಳೆಯ ಮಾತು ಹೇಳಿದರೆ ಮುಗಿಯಿತು, ಶತ್ರು, ಕ್ಷಣ, ನೋವಿಲ್ಲ, ಊಟಕ್ಕೆ ಕೂರಬಹುದು, ಆದರೆ ಅವನು ಬರದಿದ್ದರೆ, ಆ ಹುಡುಗಿ ಜಯಲತಾ ಒಬ್ಬಳೇ ಮಣೆಯ ಮೇಲೆ, ಅವಳ ಅಮ್ಮ ಸೀರೆಯ ನೆರಿಗೆ ಸವರುತ್ತಲೇ ಇದ್ದಾಳೆ, ವಿಷ್ಣು ಎಲ್ಲಿ ನಿಂತಿದ್ದಾನೋ, ಬರಿಮೈಯಲ್ಲಿ, ಇಪ್ಪತ್ತೊಂದರಲ್ಲೇ ನಿಂತಿದ್ದಾನೆ, ಸಾಕು, ನನಗೆ ಸಾಕಾಗಿದೆ — ವಿಷ್ಣೂ, ನಿನ್ನನ್ನು ಹೊಡೆದದ್ದು ನಾನು, ಲೋಕ, ಪೋರ್ಚುಗೀಸರಲ್ಲ, ಬನಿಯನ್ನು ಕಂಡು ಬಾವುಟವೆಂದು ನಾನೇ ಹೊಡೆದೆ, ಬಾ ಮಾರಾಯ, ಊಟಕ್ಕೆ ಬಾ. ಇದು ನನ್ನ ಗಂಟಲೇ, ಇಷ್ಟು ಜೋರಾಗಿ ಹೇಳಿದೆನೇ, ಡೊಂಬಿವಲಿಯವರು ಎದ್ದು ನಿಂತಿದ್ದಾರೆ, ಹರಿಣಾಕ್ಷಿಯ ಕೈಯ ಒದ್ದೆಬಟ್ಟೆ ನೆಲದಲ್ಲಿದೆ, ವಾರಿಜಾ ಹಾರವನ್ನು ತಾನೇ ಅಣ್ಣನ ಮಣೆಗೆ ಇಟ್ಟಳು, ಕೈ ಮುಗಿದಳು, ತಿರುಗಿ ಹರಿಣಾಕ್ಷಿಗೆ ಹೇಳಿದಳು, ಎಲೆ ಹಾಕಿ, ಅಣ್ಣ ಬಂದ, ಇವರಿಗೊಂದು ಹಾಕಬೇಡಿ — ಇವರಿಗೆ, ಲೋಕಣ್ಣನಿಗೆ ಅಲ್ಲ, ಇವರಿಗೆ, ಏಳಬೇಕು ನಾನು, ಸೂರಜ್, ಕೈ ಕೊಡೋ, ಬಾಗಿಲು ಯಾವ ಕಡೆ, ಕೈ, ಆ ಕೈಗಳು, ರಕ್ತದಲ್ಲಿ ಜಾರುತ್ತಿವೆ, ಮತ್ತೆ ಹಿಡಿಯುತ್ತಿವೆ, ಸತ್ತವನ ತೊಡೆಗೆ ಬಿಗಿಯುತ್ತಿವೆ, ಬಿಗಿಯುತ್ತಿವೆ, ಗಂಟು