ಮುರಿಯದ ಬೀಗ

"ಯಾವತ್ತಾದ್ರೂ ಶಿಕ್ಷೆ ಆಗಿದೆಯಾ?" ಎಂದು ವೀಸಾ ಏಜೆಂಟ್ ಕೇಳಿದಾಗ ನಮ್ಮವರು ತಲೆ ಎತ್ತಿ ಫ್ಯಾನು ನೋಡತೊಡಗಿದರು. ಕಷ್ಟದ ಪ್ರಶ್ನೆ ಬಂದರೆ ಅವರು ಮೇಲೆ ನೋಡುವುದು, ಉತ್ತರ ನಾನು ಕೊಡುವುದು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಇದೇ ಏರ್ಪಾಟು.

"ಆಗಿದೆ," ಎಂದೆ. "ಬೀಗ ತೆಗೆದಿದ್ದಕ್ಕೆ."

ಏಜೆಂಟ್ ನಕ್ಕುಬಿಟ್ಟ. "ಇವರು ಬೀಗ ರಿಪೇರಿಯವರು ಅಂದ್ರಲ್ಲಮ್ಮ?"

"ಅದಕ್ಕೇ ಸಲೀಸಾಗಿ ತೆಗೆದ್ರು."

ನಾನು ನಗಲಿಲ್ಲವೆಂದು ಕಂಡಮೇಲೆ ಅವನ ನಗೆಯೂ ಇಳಿಯಿತು. ಯಾರ ಮನೆ ಬೀಗ ಎಂದು ಕೇಳಿದ. ನನ್ನ ನಾದಿನಿಯ ಮನೆಯದು ಎಂದೆ. ಅಲ್ಲಿಂದ ಮುಂದಕ್ಕೆ ಎಲ್ಲವನ್ನೂ ಹೇಳಬೇಕಾಯಿತು.

ನಮ್ಮವರಿಗೆ ಒಬ್ಬಳೇ ತಂಗಿ. ಹುಟ್ಟಿದಾಗ ಹಿಡಿಯಷ್ಟಿದ್ದಳೆಂದು ಮನೆಯಲ್ಲಿ ಗುಬ್ಬಿ ಎಂದು ಕರೆದರು, ಅದೇ ಉಳಿಯಿತು. ತಾಯಿ ಹೋದಮೇಲೆ ಅವಳನ್ನು ಸಾಕಿದ್ದು ಇವರೇ. ಜಡೆ ಹಾಕುವುದನ್ನೂ ಕಲಿತಿದ್ದರಂತೆ. ಆ ಜಡೆ ಹೇಗಿರುತ್ತಿತ್ತೋ ದೇವರಿಗೇ ಗೊತ್ತು. ಗುಬ್ಬಿಯನ್ನು ಕೊಟ್ಟಿದ್ದು ಟೈಲ್ಸ್ ಅಂಗಡಿಯವನಿಗೆ. ಅವನ ಮಾತು ಬೆಣ್ಣೆ. ಕೈ ಎತ್ತಿದವನಲ್ಲ, ಗದರಿದವನೂ ಅಲ್ಲ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೆಂಡತಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೆ. "ಕಾಲ ಸರಿ ಇಲ್ಲ, ನಿನ್ನ ಒಳ್ಳೇದಕ್ಕೇ" ಎನ್ನುತ್ತಿದ್ದನಂತೆ. ಅವಳ ಫೋನು ಅವನ ಜೇಬಿನಲ್ಲೇ ಇರುತ್ತಿತ್ತು. ನಮಗೆ ಇದು ತಿಳಿಯಲು ವರ್ಷಗಳೇ ಹಿಡಿದವು, ಯಾಕೆಂದರೆ ನಾವು ಹೋದಾಗಲೆಲ್ಲ ಅವನೇ ನಗುನಗುತ್ತ ಬಾಗಿಲು ತೆಗೆಯುತ್ತಿದ್ದ. ಕೊನೆಗೊಂದು ದಿನ ಗುಬ್ಬಿ ಕಿಟಕಿಯಿಂದಲೇ ಪಕ್ಕದ ಮನೆ ಕೆಲಸದವಳನ್ನು ಕರೆದು, ಅಣ್ಣ ಬೀಗ ತೆಗೆಯೋ ಸಾಮಾನಿನ ಚೀಲ ತಗೊಂಡು ಬರಲಿ ಎಂದು ಹೇಳಿಕಳಿಸಿದಳು.

ನಮ್ಮವರು ಹೋದರು, ಬೀಗ ತೆಗೆದರು. ಹೊಸ್ತಿಲು ದಾಟಲಿಲ್ಲ. ಗುಬ್ಬಿ ಉಟ್ಟ ಬಟ್ಟೆಯಲ್ಲೇ ಹೊರಗೆ ಬಂದಳು. ಅಲ್ಲಿಗೆ ತೆಪ್ಪಗೆ ಮನೆಗೆ ಬರಬಾರದಿತ್ತೇ? ಇಲ್ಲ. ತೆಗೆದ ಬಾಗಿಲನ್ನು ತೆರೆದೇ ಬಿಟ್ಟು ಬರಬಾರದು ಎನ್ನುವುದು ಇವರ ಕಸುಬಿನ ಕಟ್ಟಳೆ. ಬಾಗಿಲು ಎಳೆದು, ಚಿಲಕ ಸೇರಿಸಿ, ಅದೇ ಬೀಗ ಮತ್ತೆ ಹಾಕಿ, ಒಮ್ಮೆ ಜಗ್ಗಿ ನೋಡಿ ಬಂದರು. ಸಂಜೆ ಗಂಡ ಮನೆಗೆ ಬಂದರೆ ಬೀಗ ಹಾಕಿದ ಹಾಗೇ ಇದೆ, ಒಳಗೆ ಹೆಂಡತಿ ಇಲ್ಲ. ಒಂದು ಗೀರೂ ಬೀಳದ ಹಾಗೆ ಬೀಗ ತೆಗೆದು ಮತ್ತೆ ಮರ್ಯಾದೆಯಾಗಿ ಹಾಕಿಹೋಗುವ ಮನುಷ್ಯ ಊರಿಗೆ ಒಬ್ಬನೇ ಎಂದು ಅವನಿಗೆ ಗೊತ್ತಿಲ್ಲವೇ? ಬಾಗಿಲು ಹಾರುಹೊಡೆದು ಬಿಟ್ಟು ಬಂದಿದ್ದರೆ ಯಾರ ಮೇಲೆ ಬೇಕಾದರೂ ಅನುಮಾನ ಹೋಗುತ್ತಿತ್ತು. "ತಪ್ಪು ಮಾಡಕ್ಕೂ ಯೋಗ್ಯತೆ ಬೇಕು ಕಣ್ರೀ" ಎಂದು ನಾನು ಆಗಾಗ ಚುಚ್ಚುತ್ತಿರುತ್ತೇನೆ.

ಬೀಗ ಮುರಿದು ಮನೆಗೆ ನುಗ್ಗಿದ ಎಂದು ಅವನು ದೂರು ಕೊಟ್ಟ. "ತಪ್ಪಾಯ್ತು ಅಂದ್ಬಿಡಿ, ಒಂದಿಷ್ಟು ದಂಡ ಹಾಕಿ ಬಿಡ್ತಾರೆ" ಎಂದರು ನಮ್ಮ ವಕೀಲರು. "ಇಲ್ಲ ಅಂದ್ರೆ ವರ್ಷಗಟ್ಟಲೆ ಅಲೀಬೇಕು. ನಿಮ್ಮ ತಂಗೀನೂ ಕಟಕಟೇಲಿ ನಿಲ್ಲಬೇಕು." ಆ ಕೊನೆಯ ಮಾತಿಗೆ ಇವರು ಸೋತರು. ತಪ್ಪಾಯ್ತು ಎಂದರು. ಹೊರಗೆ ಬಂದು ಚಹಾ ಕುಡಿದು, ಮುಗಿಯಿತು ಪೀಡೆ ಎಂದುಕೊಂಡೆವು. ಆಮೇಲೆ ಸ್ವಲ್ಪ ದಿನಕ್ಕೇ ಗುಬ್ಬಿ ದೂರದೇಶಕ್ಕೆ ಕೆಲಸಕ್ಕೆ ಹೋದಳು. ಅಲ್ಲೊಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ವಿಚ್ಛೇದನ ಕೇಳಬೇಕೆಂದರೆ ಅವನ ಎದುರು ನಿಲ್ಲಬೇಕಲ್ಲ, ಆ ಗೊಡವೆಗೇ ಅವಳು ಹೋಗಲಿಲ್ಲ. ಯಾವ ದೇಶದಲ್ಲಿದ್ದಾಳೆ ಎನ್ನುವುದು ನಮ್ಮಿಬ್ಬರನ್ನು ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಅದೇ ಆಸ್ಪತ್ರೆಯಲ್ಲಿ ಅವಳು ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಬೇಗ ತೆಗೆಯದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತೆಗೆದಮೇಲೂ ಎತ್ತಿ ಕೂರಿಸಲು, ಉಣಿಸಲು ಒಬ್ಬರು ಬೇಕು. "ಅಣ್ಣ, ನೀನು ಬಂದ್ರೆ ಮಾಡಿಸ್ಕೋತೀನಿ. ಇಲ್ಲದಿದ್ರೆ ಸಹಿ ಹಾಕಲ್ಲ. ಕಣ್ಣು ಬಿಟ್ಟಾಗ ನಮ್ಮೋರು ಅಂತ ಒಂದು ಮುಖ ಬೇಡವಾ?" ಎಂದಿದ್ದಳು. ಗುಬ್ಬಿಯ ಹಟ ನಮಗೆ ಹೊಸದಲ್ಲ. ಸಹಿ ಹಾಕಲ್ಲ ಎಂದರೆ ಹಾಕುವವಳಲ್ಲ.

ಇಷ್ಟನ್ನೂ ಕೇಳಿದ ಏಜೆಂಟ್ ಕುರ್ಚಿಗೆ ಒರಗಿದ. "ಶಿಕ್ಷೆ ಆಗಿಲ್ಲ ಅಂತ ಬರೆಯೋಣ ಅಂದ್ರೆ, ಪೊಲೀಸರಿಂದ ಪತ್ರ ತರಲೇಬೇಕು. ಅದರಲ್ಲಿ ಬರತ್ತೆ. ಸುಳ್ಳು ಸಿಕ್ಕಿಬಿದ್ರೆ ಹತ್ತು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ. ಆಗಿದೆ ಅಂತ ಬರೆದ್ರೆ ಕೋರ್ಟಿನ ಕಾಗದ ಕೇಳ್ತಾರೆ, ವಿವರಣೆ ಕೇಳ್ತಾರೆ."

"ಹಾಗಾದ್ರೆ ನಾನು ಹೋಗ್ಲಾ?" ಎಂದೆ.

"ನೀವು ಅವರಿಗೇನಾಗ್ಬೇಕು?"

"ಅತ್ತಿಗೆ."

"ಆಗಲ್ಲಮ್ಮ. ರೋಗಿ ನೋಡ್ಕೊಳ್ಳೋ ವೀಸಾ ಅಂದ್ರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು. ಅತ್ತಿಗೆ ಅಂದ್ರೆ ಅವರ ಲೆಕ್ಕದಲ್ಲಿ ದಾರೀಲಿ ಹೋಗೋರು."

ಮೈಯೆಲ್ಲ ಉರಿದುಹೋಯಿತು. ಗುಬ್ಬಿಯ ಮೈಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದವಳು ನಾನು. ಆದರೆ ಬಯ್ಯುವುದು ಯಾರನ್ನು? ಏಜೆಂಟನ ಮುಂದಿದ್ದ ಗಾಜಿನ ಲೋಟವನ್ನು ಬಯ್ದ ಹಾಗೆ ನೋಡಿದೆ.

ಏಜೆಂಟ್ ಒಳ್ಳೆಯವನೇ. ಇದ್ದದ್ದನ್ನು ಇದ್ದ ಹಾಗೆ ಬರೆಸಿದ, ಕೋರ್ಟಿನ ಕಾಗದ ತರಿಸಿದ, ಸಂದರ್ಶನಕ್ಕೆ ಇವರನ್ನು ತಯಾರೂ ಮಾಡಿದ. "ಏನು ಕೇಳಿದ್ರೂ ಹೌದು, ತಪ್ಪಾಯ್ತು, ಇನ್ನೊಂದ್ಸಲ ಮಾಡಲ್ಲ. ಈ ಮೂರು ಮಾತು ಬಿಟ್ಟು ನಾಲ್ಕನೇದು ಬೇಡ." ನಮ್ಮವರು ಮನೆಯಲ್ಲಿ ಬೀಗಕ್ಕೆ ಎಣ್ಣೆ ಬಿಡುತ್ತ, ಕೀಲಿಗೆ ಅರ ಉಜ್ಜುತ್ತ ಆ ಮೂರೂ ಮಾತು ಬಾಯಿಪಾಠ ಮಾಡಿದರು. ನಾನು ಅಡುಗೆಮನೆಯಿಂದ ಅಧಿಕಾರಿಯ ಗತ್ತಿನಲ್ಲಿ ಪ್ರಶ್ನೆ ಎಸೆಯುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ.

ವೀಸಾ ಕಚೇರಿಯಲ್ಲಿ ಸಾಲಾಗಿ ಗಾಜಿನ ಕಿಟಕಿಗಳು. ಆಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತು ಬಲ್ಲ ಒಬ್ಬಳು ಹುಡುಗಿ. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮೈಕಿನಲ್ಲಿ ಮಾತು ಜೋರಾಗಿಯೇ ಕೇಳುತ್ತಿತ್ತು. ತಂಗಿಯ ವಿಷಯ, ಆಸ್ಪತ್ರೆಯ ವಿಷಯ ಎಲ್ಲ ಚೆನ್ನಾಗಿ ಆಯಿತು. ಆಮೇಲೆ ಹುಡುಗಿ ಕೇಳಿದಳು, "ನೀವು ಬೀಗ ಮುರಿದಿದ್ದು ನಿಜಾನಾ?"

"ಇಲ್ಲಮ್ಮ," ಎಂದರು ನಮ್ಮವರು. "ಮುರೀಲಿಲ್ಲ. ತೆಗೆದೆ."

ನಾನು ಬೆಂಚಿನಿಂದ ಅರ್ಧ ಎದ್ದೆ.

"ಕೋರ್ಟಿನ ಕಾಗದದಲ್ಲಿ ಮುರಿದು ಅಂತ ಇದೆಯಲ್ಲ. ನೀವೇ ಒಪ್ಕೊಂಡಿದ್ದೀರಿ."

"ಒಪ್ಕೊಂಡೆ. ಆದ್ರೆ ಮುರೀಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಬೀಗಾನೂ ಮುರಿದಿಲ್ಲ ನಾನು."

ಹುಡುಗಿ ಅಧಿಕಾರಿಗೆ ಹೇಳಿದಳು, ಅವನು ಅವಳಿಗೇನೋ ಹೇಳಿದ. "ಹಾಗಾದ್ರೆ ಅವತ್ತು ಕೋರ್ಟಲ್ಲಿ ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ ಅಂತ ಕೇಳ್ತಿದ್ದಾರೆ."

ನಮ್ಮವರು ತಲೆ ಎತ್ತಿ ಮೇಲೆ ನೋಡಿದರು. ಅಲ್ಲಿ ಫ್ಯಾನಿರಲಿಲ್ಲ. ಉತ್ತರ ಕೊಡಲು ಪಕ್ಕದಲ್ಲಿ ನಾನೂ ಇರಲಿಲ್ಲ.

ದೂರು ಕೊಟ್ಟವರಿಂದಲೇ ಬರೆಸಿಕೊಂಡು ಬನ್ನಿ ಎಂದು ಕಡತವನ್ನು ತಡೆಹಿಡಿದರು. ನಡೆದದ್ದೇನು, ಈಗ ಏನೂ ತಕರಾರಿಲ್ಲವೇ ಎಂದು ಅವನು ಬರೆದುಕೊಡಬೇಕು. ಇಲ್ಲದಿದ್ದರೆ ಅರ್ಜಿ ವಜಾ. ಮನೆಯವರೆಗೂ ನಾನು ಇವರ ಜೊತೆ ಮಾತಾಡಲಿಲ್ಲ. ಚಪ್ಪಲಿ ಬಿಡುವಾಗ ತಡೆಯಲಾಗಲಿಲ್ಲ. "ಮುರಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಬಾಯಿಗೆ ಬರಲಿಲ್ಲ ಕಣೇ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಯ್ಯುವುದು ಬಿಟ್ಟು ಒಲೆ ಹಚ್ಚಲು ಹೋದೆ.

ಇನ್ನು ಉಳಿದಿದ್ದು ಟೈಲ್ಸ್ ಅಂಗಡಿ. ಇಬ್ಬರೂ ಹೋದೆವು. ಗಿರಾಕಿಗಳಿಗೆ ತೋರಿಸಲು ಅಲ್ಲಿ ಸಾಲಾಗಿ ಬಚ್ಚಲುಮನೆಗಳನ್ನು ಕಟ್ಟಿಟ್ಟಿದ್ದಾನೆ. ಹೊಳೆಯುವ ನಲ್ಲಿಗಳು, ತಿರುಗಿಸಿದರೆ ನೀರಿಲ್ಲ. "ಬನ್ನಿ ಭಾವ, ಬನ್ನಿ ಅಕ್ಕ" ಎಂದು ಎದ್ದು ನಿಂತ, ಕುರ್ಚಿ ಹಾಕಿಸಿದ, ಚಹಾ ತರಿಸಿದ. ಕೂದಲು ಹಣ್ಣಾಗಿತ್ತು. ಮಾತು ಇನ್ನೂ ಬೆಣ್ಣೆಯೇ. ಹಿಂದುಗಡೆ ಗೋದಾಮಿನ ಬಾಗಿಲಿಗೆ ಒಂದು ಬೀಗ ನೇತಾಡುತ್ತಿತ್ತು. ನಮ್ಮವರು ಅದನ್ನೇ ನೋಡುತ್ತಿದ್ದರು. ನನ್ನ ಕಡೆ ಬಾಗಿ, "ಅದೇ" ಎಂದರು. ಕೋರ್ಟಿನ ಕಾಗದದಲ್ಲಿ ಮುರಿದುಹೋದ ಬೀಗ ಅಲ್ಲಿ ಗಟ್ಟಿಮುಟ್ಟಾಗಿ ಕಾವಲು ಕಾಯುತ್ತಿತ್ತು.

ನಾನೇ ವಿಷಯ ತೆಗೆದೆ. ಇವರು ಪರದೇಶಕ್ಕೆ ಹೋಗಬೇಕು, ಒಂದು ಮಾತು ಬರೆದುಕೊಟ್ಟರೆ ಉಪಕಾರ ಎಂದೆ. ಯಾಕೆ, ಎಲ್ಲಿಗೆ ಎಂದು ಹೇಳಲಿಲ್ಲ.

"ಅದಕ್ಕೇನಂತೆ ಅಕ್ಕ, ಈಗಲೇ ಬರ್ಕೊಡ್ತೀನಿ," ಎಂದು ಪೆನ್ನು ತೆಗೆದ. "ಯಾವ ದೇಶದವರಿಗೆ ಅಂತ ಬರೀಲಿ?"

ನಾನು ಚಹಾದ ಲೋಟ ಕೈಗೆತ್ತಿಕೊಂಡೆ.

"ಮೇಲ್ಗಡೆ ವಿಳಾಸ ಹಾಕ್ಬೇಕಲ್ವಾ ಭಾವ? ಯಾವ ದೇಶ, ಯಾವ ಊರಿಗೆ ಹೋಗ್ತಿದ್ದೀರಿ, ಅಷ್ಟು ಹೇಳಿ. ಇಂಥವರಿಗೆ ಅಂತ ಇಲ್ಲದೆ ಹೇಗೆ ಬರಿಯೋದು?" ಎನ್ನುತ್ತ ಅವನು ನಗುತ್ತಿದ್ದ.

ನನಗೆ ಆ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಏನಾಗುತ್ತದೆ, ಇಷ್ಟು ದೂರದಿಂದ ಇವನು ಏನು ಕಿತ್ತುಕೊಳ್ಳುತ್ತಾನೆ, ಅವಳ ಜೀವ ಉಳಿದರೆ ಸಾಲದೇ ಎಂದು ಮನಸ್ಸು ಒದ್ದಾಡಿತು. ನಮ್ಮವರು ಚಹಾ ಮುಟ್ಟದೆ ಎದ್ದರು. "ಬೇಡ ಬಿಡಪ್ಪ," ಎಂದರು. ನಾನೂ ಎದ್ದೆ.

ಮರುದಿನ ಮಧ್ಯಾಹ್ನ ಗುಬ್ಬಿಗೆ ಫೋನು ಮಾಡಿ ಇವರು ಎಲ್ಲವನ್ನೂ ಹೇಳಿದರು. ಮುಚ್ಚಿಡುವುದು ಇವರಿಗೆ ಬರುವುದಿಲ್ಲ. ಫೋನು ಸ್ಪೀಕರಿನಲ್ಲಿತ್ತು.

"ಅವನಿಗೆ ಹೇಳ್ಬಿಡು ಅಣ್ಣ," ಎಂದಳು ಅವಳು. "ಮೊದಲೆಲ್ಲ ಅವನು ಬಂದಾನು ಅಂತ ಭಯ ಇತ್ತು. ಈಗ ಯಾರೂ ಬರಲ್ಲ ಅನ್ನೋ ಭಯಾನೇ ಜಾಸ್ತಿ."

"ಹೇಳಲ್ಲ," ಎಂದರು ಇವರು. "ನೀನು ಸಹಿ ಹಾಕು. ನಾನು ಬೇರೆ ದಾರಿ ನೋಡ್ತೀನಿ."

"ಬೇರೆ ದಾರಿ ಎಲ್ಲಿದೆ?"

ಇವರು ನನ್ನ ಮುಖ ನೋಡಿದರು. ಏಜೆಂಟನ ಹತ್ತಿರ ಇನ್ನೊಮ್ಮೆ ಹೋದೆವು, ವಕೀಲರ ಹತ್ತಿರ ಹೋದೆವು. ಹಳೆಯ ತೀರ್ಪನ್ನು ಎತ್ತಿಹಾಕಲು ವರ್ಷಗಳು ಬೇಕು ಎಂದರು ವಕೀಲರು. ಒಪ್ಪಿಕೋ ಎಂದು ಸಲಹೆ ಕೊಟ್ಟವರು ಇದೇ ಪುಣ್ಯಾತ್ಮರು. ಅದನ್ನು ನೆನಪಿಸಿದೆ, ಅವರಿಗೆ ಬೇರೆ ಕೆಲಸ ನೆನಪಾಯಿತು.

ಮೆಟ್ಟಿಲ ಕೆಳಗಿನ ನಮ್ಮ ಬೀಗದ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಕೆಲವು ವಾರ ಕಳೆದಮೇಲೆ ಒಂದು ಬೆಳಿಗ್ಗೆ ಆ ಬಾಗಿಲಲ್ಲಿ ಗುಬ್ಬಿಯ ಗಂಡ ನಿಂತಿದ್ದ. ಕೈಯಲ್ಲಿ ಲಕೋಟೆ.

"ನೀವು ಕೇಳಿದ ಕಾಗದ ಭಾವ. ಬೀಗ ಮುರಿದಿರಲಿಲ್ಲ ಅಂತಾನೇ ಬರೆಸಿದ್ದೀನಿ," ಎಂದ. "ಅವಳೇ ಫೋನ್ ಮಾಡಿದ್ಲು. ಅಣ್ಣಂಗೆ ಬರ್ಕೊಡಿ ಅಂತ ಅತ್ತಳು, ಪಾಪ. ಎಲ್ಲಿದ್ದಾಳೆ, ಏನಾಗಿದೆ, ಎಲ್ಲಾ ಹೇಳಿದ್ಲು. ಈ ಸ್ಥಿತೀಲಿ ಅವಳನ್ನ ಒಬ್ಬಳೇ ಬಿಡಕ್ಕಾಗತ್ತಾ? ನಾನೂ ಅರ್ಜಿ ಹಾಕ್ದೆ. ಗಂಡ ಅಲ್ವಾ, ಬೇಗ ಕೊಟ್ಬಿಟ್ರು. ನಾಳಿದ್ದು ಹೊರಡ್ತೀನಿ. ಅವಳಿಗೇನಾದ್ರೂ ಕಳಿಸೋದಿದ್ರೆ ಕೊಡಿ ಅಕ್ಕ."

ನನ್ನ ಕೈ ಸುತ್ತಿಗೆಯ ಕಡೆ ಹೋಯಿತು. ನಮ್ಮವರು ಅದನ್ನು ಮೆಲ್ಲಗೆ ಆಚೆ ಸರಿಸಿದರು. ಮನೆಗೆ ಒಂದು ಕೇಸು ಸಾಕು ಎಂದುಕೊಂಡರೋ ಏನೋ. ಆಮೇಲೆ ಎರಡೂ ಕೈ ಒರೆಸಿಕೊಂಡು ಆ ಲಕೋಟೆ ತೆಗೆದುಕೊಂಡರು. ತೆಗೆದುಕೊಳ್ಳದೆ ಇನ್ನೇನು ಮಾಡುತ್ತಾರೆ? ಅದಿಲ್ಲದೆ ಹೋಗುವಂತಿಲ್ಲ. "ಉಪಕಾರ ಆಯ್ತು," ಎಂದೂ ಹೇಳಿದರು. ನನ್ನ ಗಂಡನ ಬಾಯಲ್ಲಿ ಆ ಮಾತು ಕೇಳುವುದಕ್ಕಿಂತ ನನ್ನ ಕಿವಿ ಕಿವುಡಾಗಿದ್ದರೆ ಚೆನ್ನಾಗಿತ್ತು.

ಅವನು ತಿರುವಿನಲ್ಲಿ ಮರೆಯಾಗುತ್ತಲೇ ಏಜೆಂಟಿಗೆ ಫೋನು ಮಾಡಿದೆವು. ಕಾಗದ ಸಿಕ್ಕಿತಲ್ಲ, ಇನ್ನು ಚಿಂತೆಯಿಲ್ಲ ಎಂದ. ಮತ್ತೆ ಸಂದರ್ಶನಕ್ಕೆ ಸರದಿ ಸಿಗುವುದು ಎಷ್ಟು ಬೇಗ ಎಂದರೂ ಮುಂದಿನ ತಿಂಗಳು.

ಆಮೇಲೆ ಗುಬ್ಬಿಗೆ ಮಾಡಿದರು. ನೀನು ಬರುತ್ತೀಯ ಅಂತ ಸಹಿ ಹಾಕಿದ್ದೇನೆ, ಈ ವಾರವೇ ಆಪರೇಷನ್ ಎಂದಳು. ಇವರು ಮಾತು ಮುಗಿಸಲು ಬಿಡಲಿಲ್ಲ. "ಅವನು ಬರ್ತಿದ್ದಾನೆ ಗುಬ್ಬಿ. ಅಲ್ಲಿಯವರಿಗೆ ಈಗಲೇ ಹೇಳು. ಅವನನ್ನ ಒಳಗೆ ಬಿಡಬೇಡಿ ಅಂತ ಹೇಳು."

"ಹೇಳಿದೆ ಅಣ್ಣ," ಎಂದಳು. "ನಿನ್ನೆ ಬರ್ತೀನಿ ಅಂತ ಅವನ ಫೋನು ಬಂದ ತಕ್ಷಣ ನರ್ಸಮ್ಮಂಗೆ ಹೇಳಿದೆ. ಅವರು ಆಸ್ಪತ್ರೆಯ ದೊಡ್ಡವರನ್ನ ಕರ್ಕೊಂಡು ಬಂದ್ರು. ಗಂಡನ್ನ ತಡೀಬೇಕು ಅಂದ್ರೆ ಏನಾದ್ರೂ ಆಧಾರ ಬೇಕಂತೆ. ನಿಮ್ಮ ಊರಲ್ಲಿ ಅವನ ಮೇಲೆ ಯಾವುದಾದ್ರೂ ಕೇಸು ಇದೆಯಾ ಅಂತ ಕೇಳಿದ್ರು."

"ನೀನೇನಂದೆ?"

"ಇಲ್ಲ ಅಂದೆ. ಇರೋದು ನಿನ್ನ ಮೇಲೆ ಮಾತ್ರ ಅಲ್ವಾ ಅಣ್ಣ."